ಹೂವಿನಿಂದ ಒಂದು ಗೇಣು ಹಿಂದೆ

ಫೋನಿನಲ್ಲಿ ತೆಗೆದ ಹೂವಿನ ಚಿತ್ರ ಮಸುಕಾಗಿ ಬರುವುದಕ್ಕೆ ಹೆಚ್ಚಿನ ಸಲ ಕಾರಣ ಒಂದೇ: ಫೋನು ಹೂವಿಗೆ ತೀರ ಹತ್ತಿರವಿರುವುದು. ಹೂವು ಚಿಕ್ಕದು, ಅದರ ಚೆಲುವೆಲ್ಲ ಒಳಗಿರುವಂಥದು. ಹಾಗಾಗಿ ಕೈ ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಆದರೆ ಪ್ರತಿ ಲೆನ್ಸಿಗೂ ಒಂದು ಕನಿಷ್ಠ ದೂರವಿದೆ. ಅದಕ್ಕಿಂತ ಹತ್ತಿರದ ವಸ್ತುವನ್ನು ಅದು ಸ್ಪಷ್ಟವಾಗಿ ಮೂಡಿಸಲಾರದು. ಹಳೆಯ ಫೋನುಗಳಲ್ಲಿ ಈ ದೂರ ನಾಲ್ಕೈದು ಬೆರಳಗಲದಷ್ಟಿತ್ತು. ಸೆನ್ಸರ್ ದೊಡ್ಡದಾದಂತೆಲ್ಲ ಅದೂ ಬೆಳೆದಿದೆ. 2021ರಲ್ಲಿ ಬಂದ ಐಫೋನ್ 13 ಪ್ರೊದ ಮುಖ್ಯ ಕ್ಯಾಮೆರಾಕ್ಕೆ ಕನಿಷ್ಠ 15 ಸೆಂಟಿಮೀಟರ್ ದೂರ ಬೇಕಿತ್ತು. 2023ರ 15 ಪ್ರೊಗೆ ಬರುವ ಹೊತ್ತಿಗೆ ಅದು 24 ಸೆಂಟಿಮೀಟರ್ ಆಯಿತು. ದೊಡ್ಡ ಸೆನ್ಸರಿನ ಆಂಡ್ರಾಯ್ಡ್ ಫೋನುಗಳ ಕತೆಯೂ ಇದೇ. ದುಬಾರಿ ಹೊಸ ಫೋನಿಗಿಂತ ಹಳೆಯದರಲ್ಲೇ ಹೂವು ಚೆನ್ನಾಗಿ ಬರುತ್ತಿತ್ತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಹಳೆಯದು ಸಹಿಸಿಕೊಳ್ಳುತ್ತಿದ್ದ ಸಾಮೀಪ್ಯವನ್ನು ಹೊಸದು ಸಹಿಸುವುದಿಲ್ಲ, ಅಷ್ಟೆ. ಒಂದು ಗೇಣಿನಷ್ಟು, ಸಾಧ್ಯವಾದರೆ ಅದಕ್ಕೂ ತುಸು ಹೆಚ್ಚು ದೂರದಿಂದ ಶುರುಮಾಡುವುದು ಯಾವ ಫೋನಿಗಾದರೂ ಕ್ಷೇಮ. ಅದಕ್ಕೂ ಮೊದಲು ಲೆನ್ಸನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿಕೊಳ್ಳಬೇಕು. ಬೆರಳಿನ ಜಿಡ್ಡು ಅಂಟಿದ ಗಾಜಿನ ಮೂಲಕ ನೋಡಿದರೆ ಎಂಥ ಗುಲಾಬಿಯೂ ಮಂಜು ಮುಸುಕಿದಂತೆಯೇ ಕಾಣುತ್ತದೆ.

ಹಿಂದೆ ಸರಿಯಲು ಇನ್ನೊಂದು ಕಾರಣವೂ ಇದೆ, ಅದು ಹೂವಿನ ಆಕಾರಕ್ಕೆ ಸಂಬಂಧಿಸಿದ್ದು. ಫೋನಿನ ಮುಖ್ಯ ಲೆನ್ಸು ಅಗಲನೋಟದ ಲೆನ್ಸು. ದೊಡ್ಡ ಕ್ಯಾಮೆರಾದ ಲೆಕ್ಕದಲ್ಲಿ ಹೇಳಿದರೆ 24ರಿಂದ 26 ಮಿಲಿಮೀಟರ್ ಲೆನ್ಸಿಗೆ ಸಮ. ಕಟ್ಟಡ, ಬೆಟ್ಟ, ಮದುವೆಯ ಗುಂಪು ಇವಕ್ಕೆ ಅದು ಹೇಳಿಮಾಡಿಸಿದ್ದು. ಹೂವಿನ ಮುಂದೆ ಹಿಡಿದಾಗ ಮಾತ್ರ ಹತ್ತಿರದ ಎಸಳು ಉಬ್ಬಿ, ಹಿಂದಿನ ಎಸಳು ಕುಗ್ಗಿ, ತೊಟ್ಟು ದಾರದಂತೆ ಸಣ್ಣಗಾಗುತ್ತದೆ. ಹೂವಿನ ಹಿಂದಿರುವ ಗೋಡೆ, ನೀರಿನ ಪೈಪು, ಒಣಹಾಕಿದ ಬಟ್ಟೆ ಎಲ್ಲವೂ ಚಿತ್ರದೊಳಗೆ ಬಂದು ಸೇರುತ್ತವೆ. ಎರಡು ಪಟ್ಟು ದೂರ ನಿಂತು 2x ಒತ್ತಿದರೆ ಹೂವು ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಆಕಾರ ನೈಜವಾಗಿ ಉಳಿಯುತ್ತದೆ, ಹಿನ್ನೆಲೆಯಲ್ಲಿ ತೋರುವ ಜಾಗವೂ ಕಿರಿದಾಗುತ್ತದೆ. ಹೂವಿನ ಚಿತ್ರದಲ್ಲಿ ಮೊದಲು ಕಲಿಯಬೇಕಾದ ಅಭ್ಯಾಸ ಯಾವುದೆಂದರೆ ಇದೇ.

ಝೂಮ್ ಮಾಡಿದರೆ ಚಿತ್ರ ಕೆಡುತ್ತದೆ ಎಂಬ ಹಳೆಯ ಎಚ್ಚರಿಕೆಯಲ್ಲಿ ಅರ್ಧ ನಿಜವಿದೆ. ಡಿಜಿಟಲ್ ಝೂಮ್ ಎಂದರೆ ಚಿತ್ರದ ಅಂಚುಗಳನ್ನು ಕತ್ತರಿಸಿ ನಡುಭಾಗವನ್ನು ಹಿಗ್ಗಿಸುವುದು. ಎಂಟು, ಹತ್ತು ಪಟ್ಟು ಹಿಗ್ಗಿಸಿದರೆ ಎಸಳಿನ ನವಿರು ಗೆರೆಗಳು ಅಳಿಸಿಹೋಗುತ್ತವೆ. ಆದರೆ 48 ಅಥವಾ 50 ಮೆಗಾಪಿಕ್ಸೆಲ್ ಸೆನ್ಸರಿರುವ ಫೋನುಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಒಂದುಗೂಡಿಸಿ ಸುಮಾರು 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತವೆ. ಅಂಥ ಹಲವು ಫೋನುಗಳಲ್ಲಿ 2x ಒತ್ತಿದಾಗ ಸೆನ್ಸರಿನ ನಡುಭಾಗದ ಪಿಕ್ಸೆಲ್‌ಗಳೇ ಬಿಡಿಬಿಡಿಯಾಗಿ ಕೆಲಸಕ್ಕೆ ಬರುವುದರಿಂದ ನಷ್ಟ ತೀರ ಕಡಿಮೆ. ಪ್ರತ್ಯೇಕ ಟೆಲಿ ಲೆನ್ಸಿರುವ ಫೋನಿನಲ್ಲಿ 3x ಇನ್ನೂ ಚೆನ್ನ. ಆದರೆ ಟೆಲಿ ಲೆನ್ಸಿಗೆ ಇನ್ನೂ ಹೆಚ್ಚಿನ ದೂರ ಬೇಕಾಗುವುದುಂಟು. ಹತ್ತಿರ ಹೋದರೆ ಫೋನು ಸದ್ದಿಲ್ಲದೆ ಮುಖ್ಯ ಲೆನ್ಸಿಗೆ ಮರಳಿ ಅದರ ಚಿತ್ರವನ್ನೇ ಹಿಗ್ಗಿಸಿ ತೋರಿಸುತ್ತದೆ. ಆಗಲೂ ಮದ್ದು ಒಂದೇ, ಒಂದು ಹೆಜ್ಜೆ ಹಿಂದೆ ಸರಿಯುವುದು.

ಹಾಗಾದರೆ ಮ್ಯಾಕ್ರೋ ಮೋಡ್ ಏಕಿದೆ? ಬೆರಳ ತುದಿಯಷ್ಟಿರುವ ತುಂಬೆ ಹೂವು, ನಾಚಿಕೆಮುಳ್ಳಿನ ಹೂಚೆಂಡು, ತುಳಸಿಯ ಕದಿರು ಇಂಥವಕ್ಕಾಗಿ. ಒಳ್ಳೆಯ ಫೋನುಗಳು ಈ ಮೋಡ್‌ನಲ್ಲಿ ಅತಿ ಅಗಲನೋಟದ ಲೆನ್ಸನ್ನು ಬಳಸಿಕೊಂಡು ಎರಡು ಮೂರು ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಮಾಡುತ್ತವೆ. ಅಷ್ಟು ಹತ್ತಿರ ಹೋದಾಗ ಎರಡು ತೊಡಕು. ಫೋನಿನ ನೆರಳು ಹೂವಿನ ಮೇಲೆ ಬೀಳುತ್ತದೆ. ಉಸಿರು ತಾಕಿದರೂ ಹೂವು ಅಲುಗುತ್ತದೆ. ಬೆಳಕು ಫೋನಿನ ಹಿಂದಿನಿಂದ ಬರದೆ ಪಕ್ಕದಿಂದ ಬರುವಂತೆ ನಿಂತರೆ ಮೊದಲನೆಯದು ತಪ್ಪುತ್ತದೆ. ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ಎರಡು ಮೆಗಾಪಿಕ್ಸೆಲ್‌ನ ಬೇರೆಯೇ ಮ್ಯಾಕ್ರೋ ಕ್ಯಾಮೆರಾ ಇರುತ್ತದೆ. ಅದರ ಚಿತ್ರಕ್ಕಿಂತ ಮುಖ್ಯ ಕ್ಯಾಮೆರಾದಲ್ಲಿ ಗೇಣು ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಂಡ ಚಿತ್ರವೇ ಸಾಮಾನ್ಯವಾಗಿ ಮೇಲಾಗಿರುತ್ತದೆ.

ದೂರ ಗೊತ್ತಾದ ಮೇಲೆ ಬರುವ ಪ್ರಶ್ನೆ, ಫೋಕಸ್ ಎಲ್ಲಿ ನಿಲ್ಲಬೇಕು ಎಂಬುದು. ಇದಕ್ಕೆ ದಾಸವಾಳದಷ್ಟು ಒಳ್ಳೆಯ ಪಾಠ ಮತ್ತೊಂದಿಲ್ಲ. ಐದು ಎಸಳುಗಳ ನಡುವಿನಿಂದ ಉದ್ದನೆಯ ದಂಡೊಂದು ಹೊರಚಾಚಿರುತ್ತದೆ. ಅದರ ಮೇಲ್ಭಾಗದ ಸುತ್ತ ಹಳದಿ ಪರಾಗದ ಚೀಲಗಳು, ತುದಿಯಲ್ಲಿ ಮಖಮಲ್ಲಿನಂಥ ಐದು ಪುಟ್ಟ ಗುಂಡುಗಳು. ಹೂವಿಗೆ ನೇರ ಎದುರು ಹಿಡಿದರೆ ದಂಡಿನ ತುದಿ ಲೆನ್ಸಿಗೆ ಹತ್ತಿರ, ಎಸಳುಗಳು ಅದಕ್ಕಿಂತ ಐದಾರು ಸೆಂಟಿಮೀಟರ್ ಹಿಂದೆ. ಇಷ್ಟು ಹತ್ತಿರದ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಪದರ ತೆಳುವಾಗಿರುತ್ತದೆ. ತುದಿ ಸ್ಪಷ್ಟವಾದರೆ ಎಸಳು ಮಸುಕು, ಎಸಳು ಸ್ಪಷ್ಟವಾದರೆ ತುದಿ ಮಸುಕು. ಅದೇ ಹೂವನ್ನು ಪಕ್ಕದಿಂದ ನೋಡಿದರೆ ದಂಡು ಬುಡದಿಂದ ತುದಿಯವರೆಗೂ ಲೆನ್ಸಿನಿಂದ ಒಂದೇ ದೂರದಲ್ಲಿರುತ್ತದೆ, ಎಸಳಿನ ಅಂಚೂ ಅದರ ಜೊತೆಗೇ ಬರುತ್ತದೆ. ಚಿತ್ರದಲ್ಲಿ ಯಾವ ಭಾಗ ಮುಖ್ಯವೋ ಅದಕ್ಕೆ ಫೋನಿನ ಬೆನ್ನು ಸಮಾನಾಂತರವಾಗಿರಬೇಕು. ಚೆಂಡುಹೂ, ಸೇವಂತಿಗೆ, ಜರ್ಬೆರಾ ಮುಂತಾದ ಚಪ್ಪಟೆ ಮುಖದ ಹೂಗಳನ್ನು ನೇರ ಮೇಲಿನಿಂದ ತೆಗೆದರೆ ಸುತ್ತುಸುತ್ತಾದ ಎಸಳ ಸಾಲು ಪೂರ್ತಿ ಸ್ಪಷ್ಟವಾಗಿ ಬರುವುದು ಇದೇ ಕಾರಣಕ್ಕೆ. ಕಣಗಿಲೆ, ದತ್ತೂರಿಯಂಥ ಕೊಳವೆ ಹೂಗಳಿಗೆ ಓರೆ ನೋಟ ಒಪ್ಪುತ್ತದೆ.

ಫೋನು ತಾನಾಗಿ ಫೋಕಸ್ ಮಾಡುವಾಗ ಹೂವಿನ ಬದಲು ಹಿಂದಿನ ಎಲೆಗಳನ್ನು ಹಿಡಿದುಕೊಳ್ಳುವುದುಂಟು. ಪರದೆಯ ಮೇಲೆ ಬೇಕಾದ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಅದು ಅಲ್ಲಿಗೆ ಬರುತ್ತದೆ. ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ಅಲ್ಲೇ ಬೀಗ ಬೀಳುತ್ತದೆ. ತೀರ ತೆಳುವಾದ ಹೂವನ್ನು, ಉದಾಹರಣೆಗೆ ಒಂಟಿ ಕನಕಾಂಬರವನ್ನು, ಫೋನು ಗುರುತಿಸಲೇ ಒಪ್ಪದಿದ್ದರೆ ಹೂವಿನಷ್ಟೇ ದೂರದಲ್ಲಿ ಅಂಗೈ ಹಿಡಿದು, ಅದರ ಮೇಲೆ ಫೋಕಸ್ ಬೀಗ ಹಾಕಿ, ಕೈ ತೆಗೆಯುವುದು ಸುಲಭದ ದಾರಿ.

ಹೂವಿನಿಂದ ಫೋನಿಗಿರುವ ದೂರದಷ್ಟೇ ಮುಖ್ಯವಾದದ್ದು ಹೂವಿನಿಂದ ಹಿನ್ನೆಲೆಗಿರುವ ದೂರ. ದೊಡ್ಡ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲವಿದ್ದರೆ ಫೋನಿನ ಅತಿ ದೊಡ್ಡ ಸೆನ್ಸರ್‌ಗಳೂ ಅದರ ಅರ್ಧದಷ್ಟಿಲ್ಲ. ಅಷ್ಟು ಚಿಕ್ಕ ಸೆನ್ಸರ್ ಹಿನ್ನೆಲೆಯನ್ನು ತಾನಾಗಿ ಕರಗಿಸುವುದು ಕಷ್ಟ. ಆದರೂ ಹೂವು ಫೋನಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದು ಗೋಡೆ ಎರಡು ಮೂರು ಮೀಟರ್ ಹಿಂದಿದ್ದರೆ ಗೋಡೆ ಬಣ್ಣದ ಮೆತ್ತನೆಯ ಪರದೆಯಾಗುತ್ತದೆ. ಗೋಡೆ ಹೂವಿಗೆ ಅಂಟಿಕೊಂಡಂತಿದ್ದರೆ ಸುಣ್ಣದ ಪ್ರತಿ ಬಿರುಕೂ ಕಾಣುತ್ತದೆ. ಕುಂಡದ ಗಿಡವಾದರೆ ಕುಂಡವನ್ನೇ ಗೋಡೆಯಿಂದ ಈಚೆಗೆ ಎಳೆದರಾಯಿತು. ನೆಲದ ಗಿಡವಾದರೆ ನಿಲ್ಲುವ ಜಾಗವನ್ನು ಬದಲಿಸಬೇಕು. ಹೂವಿನ ಮಟ್ಟಕ್ಕೆ ಕುಕ್ಕರುಗಾಲಿನಲ್ಲಿ ಕುಳಿತರೆ ಹಿಂದೆ ನೆಲದ ಬದಲು ದೂರದ ಗಿಡಗಳ ಹಸಿರು ಬರುತ್ತದೆ. ಇನ್ನೂ ಕೆಳಗಿನಿಂದ ನೋಡಿದರೆ ಬರಿಯ ಆಕಾಶ. ನಿಂತಲ್ಲಿಂದಲೇ ಕೆಳಮುಖವಾಗಿ ತೆಗೆದ ಚಿತ್ರಗಳಲ್ಲಿ ಮಣ್ಣು, ತರಗೆಲೆ, ಚಪ್ಪಲಿಯ ತುದಿ ಸೇರಿಕೊಳ್ಳುವುದನ್ನು ತಪ್ಪಿಸಲು ಮಂಡಿ ಬಗ್ಗಿಸುವುದಕ್ಕಿಂತ ಬೇರೆ ಉಪಾಯವಿಲ್ಲ.

ಪೋರ್ಟ್ರೇಟ್ ಮೋಡ್ ಈ ಕೆಲಸವನ್ನು ಲೆಕ್ಕಾಚಾರದಿಂದ ಮಾಡಲು ನೋಡುತ್ತದೆ. ಯಾವುದು ಮುಂದಿದೆ, ಯಾವುದು ಹಿಂದಿದೆ ಎಂದು ಅಂದಾಜು ಹಾಕಿ ಹಿಂದಿನದನ್ನು ಮಸುಕುಗೊಳಿಸುತ್ತದೆ. ಅದು ಮುಖ್ಯವಾಗಿ ಮನುಷ್ಯರ ಮುಖಕ್ಕಾಗಿ ರೂಪುಗೊಂಡದ್ದು. ಗುಂಡಗಿನ ಗುಲಾಬಿಗೆ, ದೊಡ್ಡ ಡೇಲಿಯಾಕ್ಕೆ ಸರಿಹೋಗುತ್ತದೆ. ಗುಲ್‌ಮೊಹರಿನ ಉದ್ದ ಕೇಸರಗಳು, ಕಾಡುಹೂಗಳ ಕೂದಲೆಳೆಯಂಥ ತೊಟ್ಟುಗಳು ಅದರ ಕೈಗೆ ಸಿಕ್ಕರೆ ಅರ್ಧ ಮಾಯವಾಗುತ್ತವೆ. ಎಸಳುಗಳ ನಡುವಿನ ಸಂದಿನಲ್ಲಿ ಮಾತ್ರ ಹಿಂದಿನ ಎಲೆ ಸ್ಪಷ್ಟವಾಗಿ ಉಳಿದು ಕಣ್ಣಿಗೆ ಚುಚ್ಚುತ್ತದೆ. ನಿಜವಾದ ದೂರದಿಂದ ಹುಟ್ಟಿದ ಮಸುಕಿಗೆ ಇರುವ ಸಹಜತೆ ಇದಕ್ಕೆ ಇನ್ನೂ ಬಂದಿಲ್ಲ. ಬಳಸುವುದಾದರೂ ಅದರ ಜೊತೆಗೆ ಸಾಮಾನ್ಯ ಮೋಡ್‌ನಲ್ಲೂ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಬೆಳಕು. ಮೊದಲ ದಿನದ ಕಲಿಕೆಗೆ ಮೋಡ ಕವಿದ ಬೆಳಗಿನಷ್ಟು ಅನುಕೂಲದ ಹೊತ್ತು ಬೇರೆ ಇಲ್ಲ. ಬಿರುಬಿಸಿಲಿನಲ್ಲಿ ಹೂವಿನ ಬೆಳಗಿದ ಭಾಗಕ್ಕೂ ನೆರಳಿಗೂ ಇರುವ ಅಂತರವನ್ನು ಕಣ್ಣು ಸರಿದೂಗಿಸಿಕೊಳ್ಳುತ್ತದೆ, ಪುಟ್ಟ ಸೆನ್ಸರಿಗೆ ಅದು ಕಷ್ಟ. ಒಂದು ಕಡೆ ಎಸಳು ಸುಟ್ಟಂತೆ ಬಿಳುಚಿ, ಇನ್ನೊಂದು ಕಡೆ ಕಪ್ಪಾಗುತ್ತದೆ. ಮೋಡ ಬಿಸಿಲನ್ನು ಆಕಾಶದ ತುಂಬ ಹರಡಿಬಿಡುವುದರಿಂದ ನೆರಳುಗಳು ಮೆದುವಾಗುತ್ತವೆ, ಬಣ್ಣ ತುಂಬಿ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದ ಬಿಡುವುಗಳಲ್ಲಿ ತೆಗೆದ ಡೇಲಿಯಾ ಚಿತ್ರಗಳಿಗೆ ಆ ಕಾಂತಿ ಬರುವುದು ಹೀಗೆ. ನಡುಹಗಲಲ್ಲೇ ತೆಗೆಯಬೇಕಾಗಿ ಬಂದರೆ ಬಿಳಿ ಪಂಚೆಯನ್ನು ಒಂದೇ ಪದರವಾಗಿ ಹೂವಿನ ಮೇಲೆ ಇಬ್ಬರು ಹಿಡಿದುಕೊಂಡರೂ ಸಾಕು, ಅದರಡಿ ಮೋಡದ ಬೆಳಕೇ ಸಿಗುತ್ತದೆ. ನೆರಳಿನ ಕಡೆಗೆ ಬಿಳಿ ಹಾಳೆ ಹಿಡಿದರೆ ಅದರಿಂದ ಪುಟಿದ ಬೆಳಕು ಕಪ್ಪನ್ನು ತಿಳಿಗೊಳಿಸುತ್ತದೆ. ಪಂಚೆಯೂ ಹಾಳೆಯೂ ಬಿಳಿಯೇ ಆಗಿರಬೇಕು. ತಾರಸಿ ತೋಟದ ಹಸಿರು ಶೇಡ್‌ನೆಟ್ ಅಡಿಯಲ್ಲಿ ಬಿಳಿ ಹೂವಿಗೆ ಹಸಿರು ಛಾಯೆ ಹತ್ತುತ್ತದೆ, ಮಾರುಕಟ್ಟೆಯ ನೀಲಿ ಟಾರ್ಪಾಲಿನ ಕೆಳಗೆ ರಾಶಿ ಹಾಕಿದ ಸೇವಂತಿಗೆಗೆ ನೀಲಿ.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುವ ಗಾಜಿನ ಮನೆಯಲ್ಲಿ ಬೆಳಕು ಮಾಡಿನಿಂದ ಸೋಸಿ ಇಳಿಯುತ್ತದೆ. 1889ರಲ್ಲಿ ಶಂಕುಸ್ಥಾಪನೆಯಾದ ಈ ಕಟ್ಟಡ ಗಿಡಗಳಿಗಾಗಿ ಕಟ್ಟಿದ್ದಾದರೂ ಚಿತ್ರ ತೆಗೆಯುವವರಿಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಅಲ್ಲಿನ ತೊಂದರೆ ಜನಸಂದಣಿ. ಕೆಲಸದ ದಿನ, ಬಾಗಿಲು ತೆರೆದ ಹೊತ್ತಿಗೇ ಹೋದವರಿಗೆ ಒಂದು ಹೂವಿನ ಮುಂದೆ ಐದು ನಿಮಿಷ ನಿಲ್ಲಲು ಸಿಗುತ್ತದೆ. ಹೂವಿನಲ್ಲಿ ಕಟ್ಟಿದ ದೊಡ್ಡ ಆಕೃತಿಗಳನ್ನು ತೆಗೆದು ಮುಂದೆ ಸಾಗುವುದಕ್ಕಿಂತ ಪಕ್ಕದ ಸಾಲುಗಳಲ್ಲಿರುವ ಒಂಟಿ ಹೂಗಳ ಬಳಿ ನಿಲ್ಲುವುದು ಕಲಿಯುವವರಿಗೆ ಹೆಚ್ಚು ಲಾಭ.

ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬುದು ಎಷ್ಟು ಬೆಳಕಿದೆ ಎಂಬುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಸೂರ್ಯ ಬೆನ್ನ ಹಿಂದಿದ್ದರೆ ಬಣ್ಣ ಢಾಳಾಗಿ ಬರುತ್ತದೆ, ಹೂವಿನ ಏರಿಳಿತ ಕಾಣದೆ ಚಪ್ಪಟೆಯಾಗುತ್ತದೆ. ಪಕ್ಕದ ಬೆಳಕಿನಲ್ಲಿ ಎಸಳಿನ ಮಡಿಕೆ, ನರಗಳು ಎದ್ದು ಕಾಣುತ್ತವೆ. ಹೂವಿನ ಹಿಂದಿನಿಂದ ಬರುವ ಎಳೆಬಿಸಿಲು ಎಲ್ಲಕ್ಕಿಂತ ಸೊಗಸು. ಎಸಳು ತೆಳುವಾದ್ದರಿಂದ ಬೆಳಕು ಅದರೊಳಗಿಂದ ಹಾದು ಬರುತ್ತದೆ, ದಾಸವಾಳವೂ ಕಾಗದದ ಹೂವೂ ಒಳಗೆ ದೀಪ ಹಚ್ಚಿಟ್ಟಂತೆ ಹೊಳೆಯುತ್ತವೆ. ಆಗ ಸೂರ್ಯ ನೇರವಾಗಿ ಲೆನ್ಸಿಗೆ ಬೀಳದಂತೆ ಇನ್ನೊಂದು ಕೈಯಿಂದ ಮರೆ ಮಾಡಬೇಕು. ಗುಂಡ್ಲುಪೇಟೆಯ ಸುತ್ತ, ಮೈಸೂರು–ಊಟಿ ರಸ್ತೆಯ ಇಕ್ಕೆಲದ ಸೂರ್ಯಕಾಂತಿ ಹೊಲಗಳಲ್ಲಿ ಈ ದಿಕ್ಕಿನ ಲೆಕ್ಕ ತುಂಬ ಉಪಯೋಗಕ್ಕೆ ಬರುತ್ತದೆ. ಎಳೆಯ ಸೂರ್ಯಕಾಂತಿ ಗಿಡಗಳು ಸೂರ್ಯನ ಜೊತೆ ತಿರುಗುತ್ತವೆ ನಿಜ. ಹೂವು ಪೂರ್ತಿ ಅರಳಿ ಬಲಿತ ಮೇಲೆ ತಿರುಗುವುದನ್ನು ನಿಲ್ಲಿಸಿ ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತವೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಅಂಥ ಹೂಗಳಿಗೆ ಜೇನ್ನೊಣಗಳು ಹೆಚ್ಚು ಬರುತ್ತವೆ. ಹಾಗಾಗಿ ಹೊಲದ ಪೂರ್ವ ಬದಿಯಲ್ಲಿ ನಿಂತವರಿಗೆ ಮುಂಜಾನೆ ಮುಖದ ತುಂಬ ಬೆಳಕಿರುವ ಹೂವು, ದುಂಬಿ ಜೇನುಗಳ ಸಮೇತ ಸಿಗುತ್ತದೆ. ಅದೇ ಜಾಗದಿಂದ ಸಂಜೆ ನೋಡಿದರೆ ಹಿಂದಿನಿಂದ ಬೆಳಕು ಹಾದ ಹಳದಿ ಎಸಳುಗಳು. ಎರಡನ್ನೂ ಹೊಲದ ಬದುವಿನಿಂದಲೇ ತೆಗೆಯಬಹುದು. ಅದು ರೈತರ ಬೆಳೆ. ಒಳನುಗ್ಗಿ ಸಾಲು ತುಳಿದು ಚಿತ್ರ ತೆಗೆಯುವವರಿಂದ ಅವರಿಗೆ ಆಗುವ ನಷ್ಟ ಸಣ್ಣದಲ್ಲ, ಒಳಗೆ ಹೋಗಲೇಬೇಕಿದ್ದರೆ ಕೇಳಿಯೇ ಹೋಗಬೇಕು.

ಬಣ್ಣಗಳಲ್ಲಿ ಫೋನಿಗೆ ಹೆಚ್ಚು ಸವಾಲು ಒಡ್ಡುವವು ಕೆಂಪು ಮತ್ತು ಬಿಳಿ. ಕೆಂಪು ದಾಸವಾಳವೋ ಕೆಂಪು ಗುಲಾಬಿಯೋ ಚಿತ್ರದಲ್ಲಿ ಗೆರೆಯೇ ಇಲ್ಲದ ಕೆಂಪು ಮುದ್ದೆಯಾಗಿ ಬರುವುದಕ್ಕೆ ಕಾರಣವಿದೆ. ಸೆನ್ಸರ್ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಒಟ್ಟು ಬೆಳಕು ಹದವಾಗಿದೆ ಎಂದು ಫೋನು ಅಂದುಕೊಳ್ಳುವಾಗಲೇ ಕೆಂಪಿನ ಅಳತೆ ತುಂಬಿ ತುಳುಕಿರುತ್ತದೆ. ತುಂಬಿದ ಮೇಲೆ ಹೆಚ್ಚು ಕೆಂಪು, ಕಡಿಮೆ ಕೆಂಪು ಎಂಬ ಭೇದ ಉಳಿಯುವುದಿಲ್ಲ, ಆ ಭೇದವೇ ಎಸಳಿನ ನರ ಮತ್ತು ಮಡಿಕೆಗಳು. ಪರದೆಯನ್ನು ಮುಟ್ಟಿದಾಗ ಮೂಡುವ ಪುಟ್ಟ ಸೂರ್ಯನ ಗುರುತನ್ನು ಕೆಳಗೆಳೆದು ಚಿತ್ರವನ್ನು ತುಸು ಕಪ್ಪಾಗಿಸಿದರೆ ಎಸಳಿನ ಗೆರೆಗಳು ಮರಳಿ ಬರುತ್ತವೆ. ಕಡು ಹಳದಿ, ಕಿತ್ತಳೆ ಚೆಂಡುಹೂಗಳಿಗೂ ಇದೇ ಉಪಾಯ.

ಬಿಳಿಯದು ಇನ್ನೂ ಸೂಕ್ಷ್ಮ. ಚೌಕಟ್ಟಿನಲ್ಲಿರುವುದೆಲ್ಲ ಸರಾಸರಿಯಲ್ಲಿ ನಡುಮಟ್ಟದ ಬೂದಿಯಷ್ಟು ಬೆಳಕಾಗಿರಬೇಕು ಎಂಬುದು ಕ್ಯಾಮೆರಾದ ಮೂಲ ಎಣಿಕೆ. ಮಲ್ಲಿಗೆಯ ದಂಡೆಯೊಂದೇ ಚೌಕಟ್ಟು ತುಂಬಿದ್ದರೆ ಅಷ್ಟೂ ಬಿಳುಪನ್ನು ಅದು ಬೂದಿಗೆ ಇಳಿಸುತ್ತದೆ, ಮಲ್ಲಿಗೆ ಬಾಡಿದಂತೆ ಕಾಣುತ್ತದೆ. ಅಲ್ಲಿ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಬೇಕು. ಕಡುಹಸಿರು ಎಲೆಗಳ ನಡುವೆ ಒಂದೇ ನಂದಿಬಟ್ಟಲು ಇದ್ದರೆ ಆಗುವುದು ಇದರ ವಿರುದ್ಧ: ಎಲೆಗಳ ಕಪ್ಪನ್ನು ತಿಳಿಗೊಳಿಸಲು ಹೋಗಿ ಫೋನು ಹೂವನ್ನು ಸುಟ್ಟುಬಿಡುತ್ತದೆ. ಅಲ್ಲಿ ಕೆಳಕ್ಕೆ ಎಳೆಯಬೇಕು. ಒಂದೇ ಬಿಳಿ ಹೂವಿಗೆ ಸುತ್ತಲಿನದನ್ನು ನೋಡಿ ಎರಡು ಬಗೆಯ ತೀರ್ಮಾನ. ಇದನ್ನು ಮನೆಯಂಗಳದ ಒಂದು ಗಿಡದ ಮುಂದೆ ಅರ್ಧ ಗಂಟೆ ಮಾಡಿ ನೋಡಿದರೆ ಕೈಗೆ ಹತ್ತುತ್ತದೆ.

ಗಾಳಿಗೆ ಮದ್ದು ತಾಳ್ಮೆ. ಬೆಳಿಗ್ಗೆ ಬೇಗ ಗಾಳಿ ಸಾಮಾನ್ಯವಾಗಿ ಕಡಿಮೆ. ಬೀಸಿದರೂ ಎರಡು ಬೀಸುಗಳ ನಡುವೆ ಹೂವು ಒಂದು ಗಳಿಗೆ ನಿಲ್ಲುತ್ತದೆ, ಆಗ ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಸ್ಪಷ್ಟವಾದದ್ದನ್ನು ಉಳಿಸಿಕೊಂಡರಾಯಿತು. ಹೂವಿನ ವೇಳೆಯನ್ನೂ ತಿಳಿದಿರಬೇಕು. ತಾವರೆ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚತೊಡಗುತ್ತದೆ. ಟೇಬಲ್ ರೋಸ್ ಬಿಸಿಲೇರಿದ ಮೇಲಷ್ಟೇ ಬಿಚ್ಚಿಕೊಳ್ಳುತ್ತದೆ, ಮೋಡದ ದಿನ ಮುಖ ಕೊಡುವುದಿಲ್ಲ. ಸಂಜೆಮಲ್ಲಿಗೆಗೆ ಹೆಸರಿನಲ್ಲೇ ವೇಳೆ ಇದೆ. ಪಾರಿಜಾತ ಕತ್ತಲಾದ ಮೇಲೆ ಅರಳಿ ನಸುಕಿಗೆ ಉದುರುವುದರಿಂದ ಅದರ ಒಳ್ಳೆಯ ಚಿತ್ರ ಹೆಚ್ಚಾಗಿ ನೆಲದ ಮೇಲೆಯೇ ಇರುತ್ತದೆ. ನೇರ ಮೇಲಿನಿಂದ ತೆಗೆದರೆ ಬಿಳಿ ಎಸಳು, ಕಿತ್ತಳೆ ತೊಟ್ಟು ಎರಡೂ ಒಂದೇ ಪದರದಲ್ಲಿ ಸಿಗುತ್ತವೆ.

ನಮ್ಮ ಮನೆಗಳಲ್ಲಿ ಬ್ರಹ್ಮಕಮಲ ಎಂದು ಕರೆಯುವ ಹೂವಿಗೆ ಬೇರೆಯೇ ಸಿದ್ಧತೆ ಬೇಕು. ಹಿಮಾಲಯದ ಬ್ರಹ್ಮಕಮಲ ಬೇರೆ ಸಸ್ಯ. ಇದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ, ಕಳ್ಳಿಯ ಜಾತಿಗೆ ಸೇರಿದ್ದು. ರಾತ್ರಿ ಅರಳಿ ಬೆಳಗಾಗುವುದರೊಳಗೆ ಜೋತುಬೀಳುತ್ತದೆ. ಮನೆಮಂದಿಯೆಲ್ಲ ಸುತ್ತ ನಿಂತು ಫ್ಲಾಶ್ ಹಾಕಿ ತೆಗೆದ ಚಿತ್ರಗಳಲ್ಲಿ ಅದು ಬಿಳಿ ಕಾಗದದ ಚೂರಿನಂತೆ ಕಾಣುವುದು, ಬೆಳಕು ಲೆನ್ಸಿನ ಪಕ್ಕದಿಂದಲೇ ನೇರವಾಗಿ ಹೊಡೆಯುವುದರಿಂದ. ಫ್ಲಾಶ್ ಆರಿಸಿ, ಇನ್ನೊಂದು ಫೋನಿನ ಟಾರ್ಚನ್ನು ಒಬ್ಬರು ಹೂವಿನ ಪಕ್ಕದಲ್ಲಿ ಒಂದು ಮೊಳ ದೂರ ಹಿಡಿದು, ಅದರ ಮುಂದೆ ಬಿಳಿ ಕರವಸ್ತ್ರವನ್ನೋ ಬಟರ್ ಪೇಪರನ್ನೋ ಅಡ್ಡ ಇಟ್ಟರೆ ಒಳಗಿನ ಕೇಸರಗಳ ಗುಚ್ಛ, ಎಸಳಿನ ಪದರ ಪದರವೂ ಮೂಡುತ್ತದೆ. ನೈಟ್ ಮೋಡ್ ಹಲವು ಕ್ಷಣಗಳ ಬೆಳಕನ್ನು ಕೂಡಿಸುವುದರಿಂದ ಫೋನನ್ನು ಸ್ಟೂಲಿನ ಮೇಲೋ ಕಿಟಕಿ ಕಟ್ಟೆಯ ಮೇಲೋ ಒರಗಿಸಿ, ಮೂರು ಸೆಕೆಂಡಿನ ಟೈಮರ್ ಹಾಕಿ ತೆಗೆಯುವುದು ಸರಿ. ಹೂವು ಅಲುಗುತ್ತಿದ್ದರೆ ಆ ಮೋಡ್ ಉಪಯೋಗಕ್ಕೆ ಬರುವುದಿಲ್ಲ.

ಚೌಕಟ್ಟಿನ ವಿಷಯದಲ್ಲಿ ಹೆಚ್ಚು ನಿಯಮಗಳು ಬೇಕಿಲ್ಲ. ಗ್ರಿಡ್ ಗೆರೆಗಳನ್ನು ಹಾಕಿಕೊಂಡು ಹೂವನ್ನು ನಡುವಿನಿಂದ ತುಸು ಬದಿಗೆ ಸರಿಸಿದರೆ, ಹೂವು ಮುಖಮಾಡಿದ ಕಡೆ ಖಾಲಿ ಜಾಗ ಬಿಟ್ಟರೆ ಬಹುಪಾಲು ಚಿತ್ರಗಳು ನೆಟ್ಟಗಾಗುತ್ತವೆ. ಗುತ್ತಿಯಲ್ಲಿ ಹತ್ತು ಹೂವಿದ್ದರೂ ಒಂದನ್ನು ಆರಿಸಿಕೊಳ್ಳಬೇಕು. ಕೀಟ ತಿಂದಿರದ, ಅಂಚು ಬಾಡಿರದ ಹೂವನ್ನು ಹುಡುಕಲು ಕಳೆದ ಎರಡು ನಿಮಿಷ ಎಂದೂ ವ್ಯರ್ಥವಾಗದು. ಇದಕ್ಕಾಗಿ ದೂರದ ಊರಿಗೆ ಹೋಗಬೇಕಾಗಿಯೂ ಇಲ್ಲ. ಅಮೆರಿಕದ ಛಾಯಾಗ್ರಾಹಕಿ ಇಮೋಜೆನ್ ಕನಿಂಗ್‌ಹ್ಯಾಮ್ 1920ರ ದಶಕದಲ್ಲಿ ಮೂವರು ಗಂಡುಮಕ್ಕಳನ್ನು ಸಾಕುತ್ತ ಮನೆಯಲ್ಲೇ ಇರಬೇಕಾದಾಗ ಕೈಗೆಟಕುವ ಗಿಡಗಳನ್ನೇ ಚಿತ್ರಿಸಿದರು. ಆ ಕಾಲದ ಮ್ಯಾಗ್ನೋಲಿಯಾ ಹೂವಿನ ಅವರ ಕಪ್ಪು ಬಿಳುಪು ಚಿತ್ರ ಛಾಯಾಗ್ರಹಣದ ಚರಿತ್ರೆಯಲ್ಲಿ ನಿಂತಿದೆ. ನಮ್ಮ ಸಂಪಿಗೆ ಅದೇ ಮ್ಯಾಗ್ನೋಲಿಯಾ ಕುಲದ ಮರ. ಬರ್ಲಿನ್ನಿನ ಕಲಾಶಿಕ್ಷಕ ಕಾರ್ಲ್ ಬ್ಲಾಸ್‌ಫೆಲ್ಟ್ ವಿದ್ಯಾರ್ಥಿಗಳಿಗೆ ಆಕಾರ ಕಲಿಸಲೆಂದು ಮೊಗ್ಗು, ಕಾಂಡ, ಬೀಜಕೋಶಗಳನ್ನು ಖಾಲಿ ಹಿನ್ನೆಲೆಯ ಮುಂದೆ ಇಟ್ಟು ತೆಗೆದ ಚಿತ್ರಗಳು 1928ರಲ್ಲಿ ಪುಸ್ತಕವಾಗಿ ಬಂದು ಹೆಸರಾದವು. ಅವುಗಳಲ್ಲಿ ಬಣ್ಣವಿಲ್ಲ, ಮಸುಕಿನ ಚಮತ್ಕಾರವಿಲ್ಲ. ಕಿಟಕಿಯ ಪಕ್ಕದ ಮೇಜು, ಹಿಂದೆ ಒಂದು ಹಾಳೆ, ಮೊಗ್ಗಿರುವ ಒಂದು ಕಡ್ಡಿ ಇಷ್ಟಿದ್ದರೆ ಆ ಬಗೆಯ ಅಭ್ಯಾಸ ಯಾರಿಗೂ ಸಾಧ್ಯ. ಹಿನ್ನೆಲೆಯ ಹಾಳೆಗೆ ಕಪ್ಪು ಬಣ್ಣವಿದ್ದರೆ ಬಿಳಿ ಹೂವು ಎದ್ದು ಬರುತ್ತದೆ.

ಎಡಿಟ್ ಮಾಡುವಾಗ ಕೈ ಬಿಗಿ ಇರಬೇಕು. ಅಂಚು ಕತ್ತರಿಸುವುದು, ಬೆಳಕು ತುಸು ಏರಿಳಿಸುವುದು, ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಛಾಯೆ ಸರಿಪಡಿಸುವುದು, ಇಷ್ಟು ಸಾಕು. ಬಣ್ಣದ ಗಾಢತೆ ಹೆಚ್ಚಿಸುವ ಪಟ್ಟಿಯನ್ನು ಬಲಕ್ಕೆ ಎಳೆದಂತೆಲ್ಲ ಮೊದಲು ಹಾಳಾಗುವುದು ಕೆಂಪು ಹಳದಿ ಹೂಗಳೇ. ಚಿತ್ರವನ್ನು ಬೇರೆಯವರಿಗೆ ಕಳಿಸುವಾಗ ಇನ್ನೊಂದು ಮಾತು ನೆನಪಿಡಬೇಕು: ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತದೆ, ಎಸಳಿನ ಸೂಕ್ಷ್ಮ ಗೆರೆಗಳು ಅಲ್ಲೇ ಕಳೆದುಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದ ಚಿತ್ರ ತೆಗೆದಂತೆಯೇ ತಲುಪುತ್ತದೆ. ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸುವುದಿದ್ದರೆ ಕೊಡಬೇಕಾದದ್ದೂ ಆ ಮೂಲ ಫೈಲನ್ನೇ.